ಒಂದಕ್ಕೆ ಒಂದೂವರೆ

ನಮ್ಮ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಉಕ್ಕಿನ ತುಂಡು ಇರುತ್ತದೆ. ನಡುವೆ ಒಂದು ತೂತು, ಒಂದು ತುದಿಗೆ ಹಕ್ಕಿಯ ಕೊಕ್ಕಿನಂಥ ಬಾಗು, ಇನ್ನೊಂದು ತುದಿಗೆ ಒಂದು ಸ್ಕ್ರೂ. ಮನೆಗೆ ಬಂದವರು ಅದನ್ನು ಅಡಿಕೆ ಒಡೆಯುವ ಸಾಮಾನು ಎಂದುಕೊಳ್ಳುತ್ತಾರೆ. ಒಬ್ಬರು ಅದರಿಂದ ಬಾದಾಮಿ ಕುಟ್ಟಿಯೂ ನೋಡಿದರು. "ಇದೇನ್ರಿ?" ಎಂದು ಯಾರಾದರೂ ಕೇಳಿ, ನಾನು "ರಾಕರ್ ಆರ್ಮ್" ಎನ್ನುವಷ್ಟರಲ್ಲಿ ನನ್ನ ಹೆಂಡತಿ ಸುಮಂಗಲಾ ಚಹಾದ ನೆಪ ತೆಗೆದು ಒಳಗೆ ಹೋಗಿಬಿಡುತ್ತಾಳೆ. ಮುಂದಿನ ಅರ್ಧ ಗಂಟೆ ಏನಾಗುತ್ತದೆಂದು ಅವಳಿಗೆ ಗೊತ್ತು. ನಿಮಗೂ ಚಹಾ ಬೇಕಿದ್ದರೆ ಈಗಲೇ ಹೇಳಿಬಿಡಿ.

ರಾಕರ್ ಆರ್ಮ್ ಎಂದರೆ ಗಾಬರಿಪಡುವಂಥದ್ದೇನಲ್ಲ. ಮಕ್ಕಳು ಆಡುವ ಏರಿಳಿ ಹಲಗೆ ಇದೆಯಲ್ಲ, ಅದೇ. ಎಂಜಿನ್ನಿನೊಳಗೆ ಕೆಳಗಿನಿಂದ ಒಂದು ಕಡ್ಡಿ ಹಲಗೆಯ ಒಂದು ತುದಿಯನ್ನು ಮೇಲೆತ್ತುತ್ತದೆ. ಇನ್ನೊಂದು ತುದಿ ಕೆಳಗಿಳಿದು ವಾಲ್ವನ್ನು ಒತ್ತುತ್ತದೆ. ವಾಲ್ವೆಂಬ ಆ ಬಾಗಿಲು ತೆರೆದು ಗಾಳಿ, ಪೆಟ್ರೋಲು ಒಳಗೆ ನುಗ್ಗುತ್ತವೆ, ಒಂದು ಸ್ಪ್ರಿಂಗು ಅದನ್ನು ಮತ್ತೆ ಮುಚ್ಚುತ್ತದೆ. ಹಲಗೆಯ ಆಧಾರ ನಟ್ಟನಡುವೆ ಇದ್ದರೆ ಒಂದು ಕಡೆ ಏರಿದಷ್ಟೇ ಇನ್ನೊಂದು ಕಡೆ ಇಳಿಯುತ್ತದೆ. ಆಧಾರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಒಂದು ಕಡೆಯ ಸಣ್ಣ ಏರಿಕೆಗೆ ಇನ್ನೊಂದು ಕಡೆ ದೊಡ್ಡ ಇಳಿಕೆ. ಈ ಲೆಕ್ಕಕ್ಕೇ ರೇಷಿಯೋ ಎನ್ನುತ್ತಾರೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ರಾಯಚೂರಿನ ನಮ್ಮ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಒಂದು ಏರಿಳಿ ಹಲಗೆಯಿತ್ತು. ಅದು ಮುರಿದಾಗ ರಿಪೇರಿ ಮಾಡಿದ ಬಡಿಗ ಆಧಾರವನ್ನು ಒಂದು ಗೇಣು ಪಕ್ಕಕ್ಕೆ ಕೂರಿಸಿಬಿಟ್ಟ. ಗಿಡ್ಡ ತುದಿಯಲ್ಲಿ ಕೂರುತ್ತಿದ್ದವನು ಮಲ್ಲಣ್ಣ. ಏಳನೇ ಇಯತ್ತೆಯಲ್ಲಿದ್ದರೂ ಮೀಸೆ ಬಂದಿತ್ತು. ಉದ್ದ ತುದಿಗೆ ತೀರಾ ಹಗುರಾದವರು ಬೇಕು ಎಂದು ನನ್ನನ್ನು ಎತ್ತಿ ಕೂರಿಸುತ್ತಿದ್ದರು. ಮಲ್ಲಣ್ಣ ಸುಮ್ಮನೆ ಕೂತರೂ ಸಾಕು, ನನಗೆ ಹೆಡ್‌ಮಾಸ್ತರರ ಕೋಣೆಯ ಹೆಂಚು ಕಾಣುತ್ತಿತ್ತು. ಒಮ್ಮೆ ಅವನು ಹಾರಿ ಕೂತ. ಆವತ್ತಿನ ಹೊಲಿಗೆಯ ಗುರುತು ನನ್ನ ಗದ್ದದ ಕೆಳಗೆ ಈಗಲೂ ಇದೆ. ರೇಷಿಯೋ ಹೆಚ್ಚಾದರೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಗದ್ದ ಎತ್ತಿ ತೋರಿಸುತ್ತೇನೆ.

ಇರಲಿ, ಕಾರಿನ ವಿಷಯಕ್ಕೆ ಬರುತ್ತೇನೆ.

ನಾನು ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದದ್ದು ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯ ನೌಕರಿಗೆ. ತಯಾರಾದ ಭಾಗಗಳನ್ನು ಅಳೆದು ಪಾಸು, ಫೇಲು ಎಂದು ಹೇಳುವ ಕೆಲಸ. ಕೈಗೆ ಸಂಬಳ ಬಂದ ಮೇಲೆ ಡ್ರೈವಿಂಗ್ ಕಲಿಯೋಣ ಎನಿಸಿತು. ನಾಂಪಲ್ಲಿ ಸ್ಟೇಷನ್ನಿನ ಹತ್ತಿರ ಕಲಬುರಗಿಯ ಕಡೆಯವರೊಬ್ಬರು ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ, ಕನ್ನಡದಲ್ಲೇ ಬೈಯುತ್ತಾರೆ ಎಂದು ಕಾರ್ಖಾನೆಯ ಗೆಳೆಯರು ಹೇಳಿದರು. ಹೋದೆ. ಒಂದು ಬಿಳಿ ಅಂಬಾಸಡರ್. ಎಡಗಡೆ ಕಲಿಸುವವರ ಕಾಲಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು. ಮಾಲೀಕರಿಗೆ ಆ ದಿನ ಜ್ವರ. ಅವರ ಮಗಳು ಬಂದು ಎಡಗಡೆ ಕೂತಳು. ಅವಳೇ ಸುಮಂಗಲಾ.

ಜನವರಿಯ ನುಮಾಯಿಷ್ ವಸ್ತುಪ್ರದರ್ಶನದ ಹೊರಗಿನ ಜನಜಂಗುಳಿಯಲ್ಲಿ, ಮಾಂಸದ ಹಲೀಮ್ ಮಾರುವವನ ಪಾತ್ರೆಯ ಮುಂದೆ ಕಾರು ಗೇಣಿನಷ್ಟು ದೂರದಲ್ಲಿ ನಿಂತಿತು. ನಾನು ಹೆಮ್ಮೆಯಿಂದ ಅವಳ ಕಡೆ ನೋಡಿದೆ.

"ಬ್ರೇಕ್ ಛಲೋ ಹಿಡೀತೈತಿ ನೋಡ್ರಿ ನಿಮ್ಮ ಗಾಡಿ," ಎಂದೆ.

"ಹಿಡದದ್ದು ನಾನ್ರಿ," ಎಂದಳು. "ನಿಮ್ಮ ಕಾಲು ಇನ್ನೂ ಎಕ್ಸಲೇಟರ್ ಮ್ಯಾಲ ಐತಿ."

ಮುಂದೆ ಮದುವೆಯಾಯಿತು. ನನ್ನ ಲೈಸೆನ್ಸಿನ ಪರೀಕ್ಷೆಯ ದಿನವೂ ಎಡಗಡೆ ಅವಳೇ ಕೂತಿದ್ದಳಾದ್ದರಿಂದ, ನನಗೆ ಕಾರು ಬಿಡಲು ಬರುತ್ತದೆಯೋ ಇಲ್ಲವೋ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಮಾವನವರು ತೀರಿಕೊಂಡ ಮೇಲೆ ಸ್ಕೂಲು ಮುಚ್ಚಿತು. ಸುಮಂಗಲಾ ಒಂದು ಸಣ್ಣ ಕಾರು ತೆಗೆದುಕೊಂಡು ಹೆಂಗಸರಿಗೆ ಕಲಿಸುವುದನ್ನು ಮುಂದುವರಿಸಿದಳು. ಅಂಬಾಸಡರ್ ಮಾತ್ರ ಅವಳ ಅಣ್ಣ ಶಿವಾನಂದನ ಹೆಸರಿಗೆ ಹೋಗಿ, ಸಿಕಂದರಾಬಾದಿನ ಅವನ ಮನೆಯ ಕಾಂಪೌಂಡಿನಲ್ಲಿ ನಿಂತಿತು. ವರ್ಷಗಟ್ಟಲೆ ನಿಂತಿತು. ಬಾನೆಟ್ಟಿನ ಮೇಲೆ ಹಪ್ಪಳ ಒಣಗಿದವು, ಡಿಕ್ಕಿಯಲ್ಲಿ ಬೆಕ್ಕು ಮರಿ ಹಾಕಿತು.

ಶಿವಾನಂದ ಕೆಟ್ಟವನಲ್ಲ. ಅವನ ಹೆಂಡತಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರಳು. ಮನೆಗೆ ಒಂದು ಲಿಫ್ಟು ಹಾಕಿಸಬೇಕು. ಲಿಫ್ಟಿಗೆ ಜಾಗವಿರುವುದು ಕಾರು ನಿಂತಲ್ಲಿ ಮಾತ್ರ. ಅದೇ ಹೊತ್ತಿಗೆ ಹೊಸದಾಗಿ ತೆರೆಯಲಿದ್ದ ಒಂದು ಹೋಟೆಲಿನವರು ಬಂದರು. ಹಳೆಯ ಕಾರನ್ನು ಅಡ್ಡಕ್ಕೆ ಕೊಯ್ದು, ಹಿಂದಿನ ಸೀಟಿನಲ್ಲಿ ಗಿರಾಕಿಗಳನ್ನು ಕೂರಿಸಿ, ನಡುವೆ ಮೇಜು ಹಾಕಿ ಬಿರಿಯಾನಿ ಕೊಡುವ ಯೋಜನೆ ಅವರದು. ಜನ ಫೋಟೋ ತೆಗೆದುಕೊಳ್ಳುತ್ತಾರಂತೆ. ಶಿವಾನಂದ ಹೂಂ ಎಂದುಬಿಟ್ಟಿದ್ದ.

ವಿಷಯ ಸುಮಂಗಲಾಳಿಗೆ ತಿಳಿಯಿತು. ಮರುದಿನ ಅಣ್ಣನ ಮನೆಗೆ ಹೋಗಿ ಕಾರಿನ ಬಾನೆಟ್ಟು ತೆಗೆದು ನೋಡುತ್ತಾ ನಿಂತಳು.

"ಅಣ್ಣಾ, ಈ ಗಾಡಿಗೆ ನಾಲ್ಕನೇ ಗೇರ್ ಐತಿ, ಗೊತ್ತೈತೇನು?"

"ಇದ್ದರ ಏನೀಗ?"

"ಅಪ್ಪ ಒಂದು ದಿವಸರ ಹಾಕ್ಯಾನೇನು? ಅರ್ಧ ಊರಿಗೆ ಗಾಡಿ ಕಲಿಸ್ತು ಇದು. ಎಲ್ಲಾರೂ ಕಲ್ತು ಜೋರ್ ಹೋದ್ರು. ಇದು ಮಾತ್ರ ಎರಡನೇ ಗೇರಿನಾಗ ಮುದುಕಿ ಆತು. ಒಂದು ಸಲ ಪೂರಾ ಓಡಸ್ತೀನಿ ನಾ ಇದನ್ನ."

"ಓಡೋ ಗಾಡಿ ಆದ್ರ ನೀ ಇಟಗೋ," ಎಂದ ಶಿವಾನಂದ. "ನಾ ಹೋಟೆಲಿನವರಿಗೆ ಇಲ್ಲಂತೀನಿ. ಓಡಲಿಲ್ಲಂದ್ರ ನನಗ ಕೇಳಬ್ಯಾಡ. ನಿಂತ ಗಾಡಿಗೆ ಮತ್ತೊಂದು ಜಾಗ ಹುಡುಕೂದು ಹುಚ್ಚುತನ."

ಊರಾಚೆ ಬಳಕೆಯಲ್ಲಿಲ್ಲದ ಒಂದು ಏರ್‌ಸ್ಟ್ರಿಪ್ ಇದೆ. ಚಳಿಗಾಲದಲ್ಲಿ ಒಂದು ಭಾನುವಾರ ಹಳೆಯ ಕಾರುಗಳ ಹುಚ್ಚಿನವರೆಲ್ಲ ಸೇರಿ ಅಲ್ಲಿ ವೇಗದ ಓಟ ನಡೆಸುತ್ತಾರೆ. ಸುಮಂಗಲಾ ಅದಕ್ಕೆ ಹೆಸರು ಕೊಟ್ಟುಬಿಟ್ಟಳು. ಕಾರು ಇನ್ನೂ ಬೆಕ್ಕಿನ ಬಾಣಂತನ ಮುಗಿಸಿರಲಿಲ್ಲ.

ಕಾರನ್ನು ಎಳೆದುಕೊಂಡು ಹೋದದ್ದು ಮುಶೀರಾಬಾದಿನ ಖಲೀಲ್ ಭಾಯಿಯ ಶೆಡ್ಡಿಗೆ. ಖಲೀಲ್ ಭಾಯಿ ಮೂಲತಃ ಹುಮನಾಬಾದಿನವರು, ಮಾವನವರ ಕಾಲದಿಂದಲೂ ಈ ಕಾರಿನ ವೈದ್ಯರು. ಕನ್ನಡವನ್ನೂ ದಖನಿ ಉರ್ದುವನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಬಡಿಸುತ್ತಾರೆ. ಎಂಜಿನ್ ಬಿಚ್ಚಿದರು. ಸಿಲಿಂಡರ್ ಬೋರು ಮಾಡಿಸಿ ಹೊಸ ಪಿಸ್ಟನ್ ಹಾಕಿದರು. ಹೆಡ್ಡು ಶುಚಿಯಾಯಿತು. ಓಟದ ನಿಯಮದಂತೆ ಎಡಗಡೆಯ ಪೆಡಲುಗಳನ್ನು ಕಿತ್ತರು. ಕೊನೆಗೆ ರಾಕರ್‌ಗಳ ಸರದಿ ಬಂತು. ಹಳೆಯವು ಸವೆದು, ವಾಲ್ವಿಗೆ ತಾಗುವ ಕೊಕ್ಕುಗಳೆಲ್ಲ ಹಳ್ಳ ಬಿದ್ದಿದ್ದವು. ಹೇಗಿದ್ದರೂ ಹೊಸದು ಹಾಕಬೇಕು. ಯಾವ ರೇಷಿಯೋದ್ದು?

ಬಾಲಾನಗರದಲ್ಲಿ ಇಂಥ ಭಾಗಗಳನ್ನು ಕೊರೆದು ಕೊಡುವವರಿದ್ದಾರೆ. ಖಲೀಲ್ ಭಾಯಿ ಅಲ್ಲಿಂದ ಮೂರು ಬಗೆ ತಂದು ಬಟ್ಟೆಯ ಮೇಲೆ ಹರವಿದರು. ಒಂದು, ಕಾರು ಹುಟ್ಟಿದಾಗ ಇದ್ದಂಥದ್ದೇ: ಒಂದಕ್ಕೆ ಒಂದು ಪಾಯಿಂಟ್ ನಾಲ್ಕರ ಆಸುಪಾಸು. ಇನ್ನೊಂದು ಒಂದೂವರೆ. ಮೂರನೆಯದು ಒಂದು ಪಾಯಿಂಟ್ ಆರು ಐದು.

"ಇದು ಹಾಕೂಣು ಅಮ್ಮಾ," ಎಂದು ಮೂರನೆಯದನ್ನು ಎತ್ತಿ ಹಿಡಿದರು. "ವಾಲ್ವ್ ಪೂರಾ ತೆರೀತದ. ಹವಾ ಜಾಸ್ತಿ, ಪವರ್ ಜಾಸ್ತಿ. ಗಾಡಿ ಹಾರ್ತದ ನೋಡ್ರಿ."

ನನ್ನ ಕೈ ತಾನಾಗಿಯೇ ಗದ್ದಕ್ಕೆ ಹೋಯಿತು. "ಹಳೇದ್ದ ಇರಲಿ," ಎಂದೆ. "ಗಾಡಿ ಮಾಡಿದವರು ಲೆಕ್ಕಾ ಹಾಕೇ ಮಾಡಿರ್ತಾರ. ಬಾಗಿಲು ಹೆಚ್ಚು ತೆರದಷ್ಟು ಸ್ಪ್ರಿಂಗ್ ಹೆಚ್ಚು ಒತ್ತತೈತಿ, ಕಡ್ಡಿ ಮ್ಯಾಲ ಭಾರ ಬೀಳತೈತಿ."

"ಗಾಡಿ ಮಾಡಿದವರೂ ಅಪ್ಪನಂಗ," ಎಂದಳು ಸುಮಂಗಲಾ. "ಯಾರೂ ಜೋರ್ ಹೋಗಬಾರದು ಅಂತ ಮಾಡ್ಯಾರ. ಆದ್ರ ಖಲೀಲ್ ಭಾಯಿ, ಅಳೀದ ಹಾಕಬ್ಯಾಡ್ರಿ. ನಾವು ಊರಿಗೆ ಹೋಗಿ ಬರ್ತೀವಿ, ಬಂದ ಮ್ಯಾಲ ಕೂತು ನೋಡೂಣು."

ರಾಯಚೂರಿನಲ್ಲಿ ನನ್ನ ಅಕ್ಕನ ಮಗಳ ಮದುವೆ ಇತ್ತು. ಮುಗಿಸಿಕೊಂಡು ಬರುವಷ್ಟರಲ್ಲಿ ಖಲೀಲ್ ಭಾಯಿಯ ಉತ್ಸಾಹ ಕಟ್ಟೆಯೊಡೆದಿತ್ತು. ದೊಡ್ಡ ರೇಷಿಯೋದ್ದನ್ನು ಹಾಕಿ, ಎಂಜಿನ್ ಕಟ್ಟಿ, ಕಾರನ್ನು ತೊಳೆದು ನಿಲ್ಲಿಸಿದ್ದರು. ಅವರ ಮುಖ ನೋಡಿದರೆ ಸಿಟ್ಟು ಮಾಡಲು ಮನಸ್ಸಾಗುತ್ತಿರಲಿಲ್ಲ.

"ಸರ್ಪ್ರೈಜ್ ಅಮ್ಮಾ. ಕೂಡ್ರಿ, ಟ್ಯಾಂಕ್ ಬಂಡ್ ತನಾ ಹೋಗಿ ಬರೂಣು."

ಹೋದೆವು. ಸುಳ್ಳು ಹೇಳಬಾರದು, ಕಾರು ಅದ್ಭುತವಾಗಿ ಎಳೆಯಿತು. ಖಾಲಿ ರಸ್ತೆ ಸಿಕ್ಕಾಗ ಸುಮಂಗಲಾ ಒತ್ತಿದರೆ ಎಂಜಿನ್ನಿನ ದನಿ ಏರಿ ಏರಿ, ನನ್ನ ಬೆನ್ನು ಸೀಟಿಗೆ ಅಂಟುತ್ತಿತ್ತು. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಮಲೇರಿಯಾ ಬಂದವರ ಹಾಗೆ ಗಡಗಡ ನಡುಗುತ್ತಿತ್ತು; ಎಕ್ಸಲರೇಟರ್ ಮೇಲಿಂದ ಕಾಲು ತೆಗೆದರೆ ಆರಿಹೋಗುತ್ತಿತ್ತು. ಟ್ಯಾಂಕ್ ಬಂಡಿನ ಏರಿಯ ಮೇಲೆ, ಹುಸೇನ್ ಸಾಗರ ಕೆರೆಯ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ, ಬಾನೆಟ್ಟಿನ ಕೆಳಗೆ ಟಕ್ ಎಂದಿತು. ಆಮೇಲೆ ಟಕಟಕಟಕ. ಸುಮಂಗಲಾ ತಕ್ಷಣ ಎಂಜಿನ್ ಬಂದ್ ಮಾಡಿ ಪಕ್ಕಕ್ಕೆ ತಂದಳು.

ಖಲೀಲ್ ಭಾಯಿ ಮುಚ್ಚಳ ಬಿಚ್ಚಿದರು. ವಾಲ್ವು ಅಷ್ಟು ಕೆಳಗಿಳಿದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಕಬ್ಬಿಣವಾಗಿದ್ದವು. ಮುಂದೆ ಹೋಗಲು ಜಾಗವಿಲ್ಲ. ಕೆಳಗಿನಿಂದ ಒತ್ತುವ ಕಡ್ಡಿ ಬೇರೆ ದಾರಿ ಕಾಣದೆ ಬಿಲ್ಲಿನಂತೆ ಬಾಗಿತ್ತು.

"ಮೇರೀಚ್ ಗಲ್ತಿ," ಎಂದು ಖಲೀಲ್ ಭಾಯಿ ಫುಟ್‌ಪಾತಿನ ಮೇಲೆ ಕೂತುಬಿಟ್ಟರು. "ನಂದೇ ತಪ್ಪು ಅಮ್ಮಾ. ಅಳಿಬೇಕಿತ್ತು."

ಶಿವಾನಂದನ ಆಫೀಸು ಅಲ್ಲಿಂದ ದೂರವಿಲ್ಲ. ಸುಮಂಗಲಾ ಫೋನು ಮಾಡಿದ್ದರಿಂದ ಆಟೋದಲ್ಲಿ ಬಂದ. ಬಾನೆಟ್ ತೆರೆದು ನಿಂತ ಕಾರನ್ನು, ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಹುಡುಗಿಯರನ್ನು ನೋಡಿದ.

"ಸಾಕು ಬಿಡವ್ವಾ," ಎಂದ. "ಹೋಟೆಲಿನವರು ದಿನಾ ಫೋನ್ ಮಾಡಾಕತ್ತಾರ. ಮುಂದಿನ ವಾರ ಟ್ರಕ್ ಕಳಸ್ತಾರಂತ. ಕೊಟ್ಟುಬಿಡೂಣು."

"ಏರ್‌ಸ್ಟ್ರಿಪ್ ಓಟ ಆಗೂತನಕ ತಡಿ ಅಂತ ಹೇಳು."

"ಇದರ ಮ್ಯಾಲ ನಿನಗ್ಯಾಕಿಷ್ಟು ಜೀವಾ? ನನಗಂತೂ ಇದನ್ನ ನೋಡಿದರ..." ಎಂದು ಆಟೋದ ಕಡೆ ತಿರುಗಿದ. ಬಂದ ಆಟೋದಲ್ಲೇ ಹೊರಟುಹೋದ.

ಮೂವತ್ತು ವರ್ಷದಿಂದ ಅವನು ಎಲ್ಲ ಕಡೆಗೂ ಆಟೋದಲ್ಲೇ ಓಡಾಡುವುದನ್ನು ನಾನು ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಕಾರನ್ನು ಎಳೆಸಿಕೊಂಡು ಶೆಡ್ಡಿಗೆ ಮರಳುವಾಗ ಸುಮಂಗಲಾ ಹೇಳಿದಳು. ಮಾವನವರು ಮಗನಿಗೂ ಕಲಿಸಲು ಹೊರಟಿದ್ದರಂತೆ. ಕ್ಲಚ್ಚು ಬಿಡುವಾಗಲೆಲ್ಲ ಶಿವಾನಂದನ ಕೈಯಲ್ಲಿ ಕಾರು ಕುಪ್ಪಳಿಸಿ ಆರಿಹೋಗುತ್ತಿತ್ತು. ಹೊರಗಿನವರ ಮಕ್ಕಳಿಗೆ ತಾಳ್ಮೆಯಿಂದ ಕಲಿಸುತ್ತಿದ್ದವರಿಗೆ ಸ್ವಂತ ಮಗನ ವಿಷಯದಲ್ಲಿ ತಾಳ್ಮೆ ತಪ್ಪಿತು. ಅಬಿಡ್ಸ್‌ನ ಪೋಸ್ಟಾಫೀಸಿನ ಮುಂದೆ, ಬಸ್ಸಿನವರೆಲ್ಲ ಹಾರ್ನು ಹೊಡೆಯುತ್ತಿರುವಾಗ, "ಇಳಿ ಕೆಳಗ, ನಡಕೊಂಡು ಮನಿಗೆ ಹೋಗು" ಎಂದು ಇಳಿಸಿಬಿಟ್ಟರು. ಸುಮಂಗಲಾ ಹಿಂದಿನ ಸೀಟಿನಲ್ಲಿದ್ದಳು. ಅವನು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ.

ಈ ಸಲ ಅಳೆದೆವು. ನಾನು ಮನೆಯಿಂದ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ನನ್ನ ಡಯಲ್ ಗೇಜು ತಂದೆ. ನಿವೃತ್ತಿಯಾದ ಮೇಲೆ ಅದನ್ನು ಬಳಸಲು ಸಿಕ್ಕ ಮೊದಲ ಅವಕಾಶ; ಅದಕ್ಕೂ ಮುಂಚೆ ಒಮ್ಮೆ ದೋಸೆಯ ದಪ್ಪ ಅಳೆಯಲು ಹೋಗಿ ಬೈಸಿಕೊಂಡಿದ್ದೆ. ಸುಮಂಗಲಾ ನಟ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸುವುದು, ನಾನು ಮುಳ್ಳು ನೋಡಿ ವಾಲ್ವು ಎಷ್ಟು ಇಳಿಯಿತೆಂದು ಹೇಳುವುದು, ಖಲೀಲ್ ಭಾಯಿ ಸ್ಪ್ರಿಂಗಿನ ಸುರುಳಿಗಳ ನಡುವೆ ತೆಳು ತಗಡು ತೂರಿಸಿ ಸಂದು ಎಷ್ಟು ಉಳಿಯಿತೆಂದು ನೋಡುವುದು. ವಾಲ್ವು ಪಿಸ್ಟನ್ನಿಗೆ ತಾಗುತ್ತದೆಯೋ ಎಂದು ತಿಳಿಯಲು ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಮುದ್ದೆಯಿಟ್ಟು ತಿರುಗಿಸಬೇಕು, ಗುರುತು ಬಿದ್ದರೆ ಅದರ ದಪ್ಪ ಅಳೆಯಬೇಕು. ಖಲೀಲ್ ಭಾಯಿ ಊಟದ ಡಬ್ಬಿಯಿಂದ ಅನ್ನ ತೆಗೆದು ಮಿದಿಯಲು ಹೋದರು. ಸುಮಂಗಲಾ ಪಕ್ಕದ ಅಂಗಡಿಯಿಂದ ಮಕ್ಕಳ ಆಟದ ಬಣ್ಣದ ಜೇಡಿ ತಂದಳು.

ಒಂದೂವರೆಯ ರಾಕರ್ ಹಾಕಿದಾಗ ವಾಲ್ವು ಪಿಸ್ಟನ್ನಿಗೆ ತಾಗಲಿಲ್ಲ, ಸ್ಪ್ರಿಂಗಿನಲ್ಲಿ ಸಂದೂ ಉಳಿಯಿತು. ಧಾರಾಳವಾಗಿ ಅಲ್ಲ, ಆದರೆ ಸಾಕಷ್ಟು. ನಾನು ಇನ್ನೂ ಹಳೆಯದರ ಪರವಾಗಿಯೇ ಇದ್ದೆ. ಖಲೀಲ್ ಭಾಯಿ, ಗಟ್ಟಿ ಸ್ಪ್ರಿಂಗ್ ತರಿಸಿದರೆ ದೊಡ್ಡದೇ ಹಾಕಬಹುದು ಎಂದು ಮೆಲ್ಲಗೆ ಶುರು ಮಾಡಿದರು.

"ಗಟ್ಟಿ ಸ್ಪ್ರಿಂಗ್ ಹಾಕಿದರ ಕೆಳಗ ಕಡ್ಡಿ ಎತ್ತೂ ಕ್ಯಾಮ್ ಸವೀತೈತಿ," ಎಂದೆ.

ಸುಮಂಗಲಾ ಇಬ್ಬರನ್ನೂ ಸುಮ್ಮನಿರಿಸಿದಳು. "ನನಗೊಂದು ಹೇಳ್ರಿ ಖಲೀಲ್ ಭಾಯಿ. ಇದಕ್ಕ ಉಸಿರು ಎಲ್ಲಿ ಸಿಕ್ಕೊಳ್ಳತೈತಿ? ಒಳಗ ತಗೋಳೂವಾಗೋ, ಹೊರಗ ಬಿಡೂವಾಗೋ?"

"ಒಳಗ ಅಮ್ಮಾ. ಹೊರಗ ಹೋಗೂ ಹೊಗಿ ಧಕ್ಕಾ ಹೊಡಕೊಂಡು ಅದಽ ಹೋಗ್ತದ."

"ಹಂಗಾರ ಹೊರಗಿನ ವಾಲ್ವಿಗೆ ಹಳೇ ಅಳತಿದ್ದ ಹಾಕ್ರಿ. ಒಳಗಿನವಕ್ಕ ಒಂದೂವರೆ. ಬೇಕಾದಲ್ಲಷ್ಟ ಬಾಗಿಲಾ ತೆಗಿಯೂಣು."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೀಗೆ ಬೇರೆ ಬೇರೆ ಅಳತೆ ಹಾಕುವುದು ಹೊಸ ಸಂಗತಿಯೇನಲ್ಲ, ಓಟದ ಎಂಜಿನ್ ಕಟ್ಟುವವರು ಮಾಡುತ್ತಾರೆ. ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮ ನಮ್ಮ ಪಕ್ಷ ಬಿಟ್ಟುಕೊಡುವುದು ಹೇಗೆಂಬುದಷ್ಟೇ ಗೊತ್ತಿರಲಿಲ್ಲ.

ರಾಕರಿನ ಕೊಕ್ಕು ವಾಲ್ವಿನ ತುದಿಯ ನಡುವಿನಲ್ಲೇ ಓಡಾಡಬೇಕು, ಅಂಚಿಗೆ ಹೋದರೆ ವಾಲ್ವು ವಾರೆಯಾಗಿ ಸವೆಯುತ್ತದೆ. ಅದಕ್ಕಾಗಿ ರಾಕರ್‌ಗಳನ್ನು ಹೊತ್ತ ಸ್ಟ್ಯಾಂಡಿನ ಕೆಳಗೆ ತೆಳ್ಳನೆಯ ತಗಡಿಟ್ಟು ಎತ್ತರ ಸರಿಪಡಿಸಿದೆವು. ಹೊಸ ಕಡ್ಡಿಗಳು ಬಂದವು, ಬಿಚ್ಚಿದ ದೊಡ್ಡ ರಾಕರ್‌ಗಳಲ್ಲಿ ಒಂದು ನಮ್ಮ ಊಟದ ಮೇಜಿಗೆ ಹೋಯಿತು. ಎಂಜಿನ್ ಶುರುವಾದಾಗ ಖಲೀಲ್ ಭಾಯಿ ಅದರ ಸದ್ದಿಗೆ ಕಿವಿಗೊಟ್ಟು, "ಶರೀಫ್ ಆತು," ಎಂದರು. ಸಭ್ಯವಾಯಿತು ಎಂದರ್ಥ; ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ಓಟದ ಭಾನುವಾರ ಏರ್‌ಸ್ಟ್ರಿಪ್ಪಿಗೆ ಶಿವಾನಂದನೂ ಬಂದ. ಹೋಟೆಲಿನವರಿಗೆ ಕೊನೆಯ ಮಾತು ಹೇಳಬೇಕಿತ್ತು, ಅದಕ್ಕೆ ಬಂದೆ ಎಂದ. ಸುಮಂಗಲಾ ಚೂಡಿದಾರದ ಮೇಲೆ ಹೆಲ್ಮೆಟ್ ಹಾಕಿಕೊಂಡು ಕಾರಿನಲ್ಲಿ ಕೂತು ಸರದಿಗೆ ಕಾಯುತ್ತಿದ್ದಳು. ಅವಳ ಹಿಂದೆ ಮುಂದೆ ಮಿರುಗುವ ವಿದೇಶಿ ಕಾರುಗಳು, ಕಿವುಡಾಗುವಂಥ ಸದ್ದು. ನಮ್ಮ ಅಂಬಾಸಡರ್ ಸಾಲಿನಲ್ಲಿ ಶಾಂತವಾಗಿ ಗುರುಗುಡುತ್ತಿತ್ತು. ನಾನು, ಶಿವಾನಂದ, ಖಲೀಲ್ ಭಾಯಿ ಹಗ್ಗದಾಚೆ ನಿಂತೆವು. ಅಳತೆಯೆಲ್ಲ ಸರಿ, ಆದರೆ ಕಾರಿನ ಒಳಗೆ ಕೂತಿದ್ದದ್ದು ನನ್ನ ಹೆಂಡತಿ.

ಬಾವುಟ ಇಳಿಯಿತು. ಮೊದಲ ಗೇರು, ಎರಡನೆಯದು. ಎಂಜಿನ್ನಿನ ದನಿ ಏರಿತು. ಖಲೀಲ್ ಭಾಯಿ ನನ್ನ ತೋಳು ಹಿಡಿದರು. ಮೂರನೆಯದು. ಕಾರು ನಮ್ಮ ಮುಂದೆ ಹಾದುಹೋಗುವಾಗ ದನಿ ಒಂದು ಕ್ಷಣ ತಗ್ಗಿ, ಮತ್ತೆ ತುಂಬಿಕೊಂಡಿತು.

"ಹಾಕಿದಳು!" ಎಂದು ಕೂಗಿದವನು ಶಿವಾನಂದ. "ನಾಲ್ಕು ಹಾಕಿದಳು ನೋಡ್ರಿ!"

ಬಹುಮಾನವೇನೂ ಬರಲಿಲ್ಲ. ವಿದೇಶಿ ಕಾರುಗಳ ಮುಂದೆ ನಮ್ಮದು ಪಟ್ಟಿಯ ಕೆಳಗಡೆ ಎಲ್ಲೋ ಇತ್ತು. ಸುಮಂಗಲಾ ಇಳಿದು ಹೆಲ್ಮೆಟ್ ತೆಗೆದಾಗ ಕೂದಲೆಲ್ಲ ಹಣೆಗೆ ಅಂಟಿತ್ತು. ಅವಳು ನಗುತ್ತಿದ್ದಳು. ಖಲೀಲ್ ಭಾಯಿ ಬಾನೆಟ್ ತೆಗೆದು, ಕಿವಿಯಿಟ್ಟು ಕೇಳಿ, ಒಂದು ಟಕ್ ಸದ್ದೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

ಮಧ್ಯಾಹ್ನ ಎಲ್ಲರೂ ಗಾಡಿ ಕಟ್ಟಿಕೊಂಡು ಹೊರಡುವ ಹೊತ್ತಿಗೆ ಏರ್‌ಸ್ಟ್ರಿಪ್ ಖಾಲಿಯಾಯಿತು. ಶಿವಾನಂದ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬಲಗಡೆಯ ಬಾಗಿಲ ಹಿಡಿಕೆ ಮುಟ್ಟಿದ, ಬಿಟ್ಟ.

"ಸುಮ್ಮೀ," ಎಂದ. "ನನ್ನ ಕೈಯಾಗ ಬಂದ್ ಬೀಳತೈತಿ ಅಲ್ಲಾ ಇದು?"

"ಕೂತು ನೋಡು."

"ಬ್ಯಾಡ ಬಿಡು. ಈ ವಯಸ್ಸಿನಾಗ..."

"ಕೂಡಣ್ಣಾ. ಇಲ್ಲೆ ಹಿಂದ ಹಾರ್ನ್ ಹೊಡಿಯಾಕ ಯಾರೂ ಇಲ್ಲ."

ಕೂತ. ಸುಮಂಗಲಾ ಪಕ್ಕದಲ್ಲಿ ಕೂತಳು. ನಾನೂ ಖಲೀಲ್ ಭಾಯಿಯೂ ಹೊರಗೇ ನಿಂತೆವು. ಅದು ಅಣ್ಣ ತಂಗಿಯರ ವ್ಯವಹಾರ. ಅವಳ ಬಾಯಿ ಆಡುವುದು ಕಿಟಕಿಯಿಂದ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಶಿವಾನಂದ ಕ್ಲಚ್ಚು ಬಿಟ್ಟ, ತೀರಾ ಗಡಿಬಿಡಿಯಿಂದ. ಕಾರು ಒಮ್ಮೆ ಕುಪ್ಪಳಿಸಿತು. ಎಂಜಿನ್ ಉಸಿರು ಹಿಡಿಯಿತು. ದೊಡ್ಡ ರಾಕರ್ ಇದ್ದಿದ್ದರೆ ಅಲ್ಲಿಗೆ ಆರಿಹೋಗುತ್ತಿತ್ತು. ಇದು ತಗ್ಗಿ, ಗುರುಗುಟ್ಟಿ, ಸಾವರಿಸಿಕೊಂಡು ಎಳೆಯತೊಡಗಿತು. ಕಾರು ಹೊರಟಿತು.

ಮೊದಲ ಗೇರಿನಲ್ಲೇ, ಎತ್ತಿನ ಬಂಡಿಯ ವೇಗದಲ್ಲಿ, ಅಷ್ಟುದ್ದದ ಏರ್‌ಸ್ಟ್ರಿಪ್ ಪೂರ್ತಿ ಹೋದರು. ಖಲೀಲ್ ಭಾಯಿ ತಡೆಯಲಾರದೆ ಪಕ್ಕದಲ್ಲೇ ನಡೆದುಕೊಂಡು ಹೊರಟರು. "ಎರಡನೇದು ಹಾಕ್ರಿ ಸಾಬ್, ಎರಡನೇದು!" ಎಂದು ಕೈ ಬೀಸುತ್ತಿದ್ದರು. ಶಿವಾನಂದ ಯಾರ ಮಾತೂ ಕೇಳಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಮುಂದೆ ನೋಡುತ್ತಲೇ ಇದ್ದ.

ದೂರದ ತುದಿಯಲ್ಲಿ ಕಾರು ನಿಂತಿತು. ನಾನು ನಡೆದು ಹೋಗಿ ತಲುಪುವ ಹೊತ್ತಿಗೆ ಅವನು ಸೀಟಿನಲ್ಲೇ ಕೂತಿದ್ದ. ಎಂಜಿನ್ ಇನ್ನೂ ನಡೆಯುತ್ತಿತ್ತು. ಫೋನು ಬಂತು. ಹೋಟೆಲಿನವರು. ಆಫೀಸಿನಲ್ಲಿ ಮಾತಾಡುವ ದನಿಯಲ್ಲೇ, ತೆಲುಗಿನಲ್ಲಿ, ಶಿವಾನಂದ ಹೇಳಿದ:

"ಕಾರು ಇವ್ವಲೇನು ಸಾರ್. ಲೇದು, ರೇಟ್ ಗುರಿಂಚಿ ಕಾದು. ನೇನು ನೇರ್ಚುಕುಂಟುನ್ನಾನು."

ಕೊಡಲಾಗುವುದಿಲ್ಲ, ರೇಟಿನ ಮಾತಲ್ಲ, ನಾನು ಕಲಿಯುತ್ತಿದ್ದೇನೆ. ಫೋನು ಇಟ್ಟು, ತಂಗಿಯ ಕಡೆ ತಿರುಗಿ, ಹಿಂದಕ್ಕೆ ತಿರುಗಿಸುವುದು ಹೇಗೆಂದು ಕೇಳಿದ.